ಭದ್ರಾವತಿ, ಕಲ್ಲಿಕೋಟೆ, ನಡುವೆ ಒಂಬತ್ತು ಕಿಲೋಹರ್ಟ್ಸ್

ನಾವು ಚಿಕ್ಕವರಿದ್ದಾಗ ದಾವಣಗೆರೆಯ ನಮ್ಮ ಮನೆಯಲ್ಲಿ ರೇಡಿಯೊದ ಮುಳ್ಳು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತಿರುತ್ತಿತ್ತು. ಭದ್ರಾವತಿ, 675 ಕಿಲೋಹರ್ಟ್ಸ್. ಹಗಲೆಲ್ಲ ಚೆನ್ನಾಗಿ ಕೇಳುತ್ತಿತ್ತು. ಕತ್ತಲಾದರೆ ಕನ್ನಡದ ಕೆಳಗೆ ಸಣ್ಣಗೆ ಮಲಯಾಳಂ ಶುರು. ಅದರ ಜೊತೆಗೆ ಕಿವಿ ಕೊರೆಯುವ ಒಂದು ತೆಳು ಸಿಳ್ಳೆ. ಅಪ್ಪ ರೇಡಿಯೊದ ತಲೆಗೆ ಎರಡು ತಟ್ಟುತ್ತಿದ್ದರು, ಪೆಟ್ಟಿಗೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ತಿರುಗಿಸಿದಾಗ ಸ್ವಲ್ಪ ಕಮ್ಮಿಯಾಗುತ್ತಿತ್ತು, ಯಾಕೆಂದರೆ ಒಳಗಿನ ಫೆರೈಟ್ ಕಡ್ಡಿಯ ಆಂಟೆನಾಗೆ ದಿಕ್ಕು ಗೊತ್ತಾಗುತ್ತದೆ. ತಟ್ಟಿದ್ದಕ್ಕೆ ಮಾತ್ರ ಯಾವ ಪ್ರಯೋಜನವೂ ಇರಲಿಲ್ಲ.

ಆ ಮಲಯಾಳಂ ಬರುತ್ತಿದ್ದದ್ದು ಕಲ್ಲಿಕೋಟೆಯಿಂದ, 684 ಕಿಲೋಹರ್ಟ್ಸ್‌ನಲ್ಲಿ. ಮೀಡಿಯಂ ವೇವ್‌ನ ಅಲೆಗಳು ಹಗಲು ಹೊತ್ತು ನೆಲ ಹಿಡಿದು ಒಂದಷ್ಟು ದೂರ ಮಾತ್ರ ಬರುತ್ತವೆ. ರಾತ್ರಿ ಆಕಾಶದ ಮೇಲಿನ ಪದರಕ್ಕೆ ಬಡಿದು ವಾಪಸ್ ಇಳಿಯುತ್ತವೆ. ಹಾಗಾಗಿ ಪಶ್ಚಿಮ ಘಟ್ಟದ ಆಚೆಯ ಊರು ನಮ್ಮ ಪಡಸಾಲೆಗೆ ಬರುತ್ತಿತ್ತು. ನಮ್ಮಲ್ಲಿ ಈ ಬ್ಯಾಂಡಿನ ಸ್ಟೇಷನ್‌ಗಳಿಗೆ ಒಂಬತ್ತೊಂಬತ್ತು ಕಿಲೋಹರ್ಟ್ಸ್ ಅಂತರದಲ್ಲಿ ಜಾಗ ಹಂಚುತ್ತಾರೆ. 684ರಲ್ಲಿ 675 ಕಳೆದರೆ ಒಂಬತ್ತು, ಅಂದರೆ ಪಕ್ಕದ ಮನೆ. ಆ ಸಿಳ್ಳೆಯೂ ಅದೇ: ಎರಡು ಅಲೆ ರೇಡಿಯೊದೊಳಗೆ ಒಂದಕ್ಕೊಂದು ತಾಗಿ, ಅವುಗಳ ವ್ಯತ್ಯಾಸವಾದ ಒಂಬತ್ತು ಕಿಲೋಹರ್ಟ್ಸ್ ಸ್ವರವಾಗಿ ಹೊರಬರುತ್ತಿತ್ತು.

ಹಾಗಾದರೆ ರೇಡಿಯೊ ಒಂದನ್ನು ಬಿಟ್ಟು ಇನ್ನೊಂದನ್ನು ತಡೆಯುವುದು ಹೇಗೆ? ಪೂರ್ತಿ ತಡೆಯಲು ಯಾಕೆ ಆಗುವುದಿಲ್ಲ? ಫಿಲ್ಟರ್ ಅಂದರೆ ಏನು ಅನ್ನುವುದೆಲ್ಲ ಈ ಎರಡು ಪ್ರಶ್ನೆಯಲ್ಲಿದೆ.

ನಮ್ಮೂರಿನವರಿಗೆ ಫಿಲ್ಟರ್ ಅಂದರೆ ಮೊದಲು ನೆನಪಾಗಬೇಕಾದ್ದು ಮಂಡಕ್ಕಿ ಭಟ್ಟಿಯ ಜರಡಿ. ಕಾದ ಮರಳಿನಲ್ಲಿ ಅಕ್ಕಿ ಹಾಕುತ್ತಾರೆ, ಅರಳುತ್ತದೆ, ಜರಡಿಗೆ ಸುರಿಯುತ್ತಾರೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಎಂಥ ಒರಟು ಜರಡಿಯಾದರೂ ನಡೆಯುತ್ತದೆ, ಯಾಕೆಂದರೆ ಮರಳಿನ ಕಾಳಿಗೂ ಮಂಡಕ್ಕಿಗೂ ಗಾತ್ರದಲ್ಲಿ ಅಷ್ಟು ವ್ಯತ್ಯಾಸ. ಅದೇ ಜರಡಿಯಲ್ಲಿ ಪೂರ್ತಿ ಅರಳಿದ್ದನ್ನೂ ಅರೆಬರೆ ಅರಳಿದ್ದನ್ನೂ ಬೇರೆ ಮಾಡಿ ನೋಡಿ. ಒಂದಿಷ್ಟು ಒಳ್ಳೆಯದು ಕೆಳಗೆ ಬೀಳುತ್ತದೆ, ಒಂದಿಷ್ಟು ಕೆಟ್ಟದ್ದು ಮೇಲೆ ಉಳಿಯುತ್ತದೆ.

ಫಿಲ್ಟರ್ ಕೂಡ ಹಾಗೆಯೇ. ಬೇಕಾದ್ದು ಮತ್ತು ಬೇಡವಾದ್ದು ಎಷ್ಟು ದೂರದಲ್ಲಿವೆ ಅನ್ನುವುದೇ ಅದರ ಕಷ್ಟ, ಅದೇ ಅದರ ಬೆಲೆ. ಯಾವ ಆವರ್ತನದಲ್ಲಿ (ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ, ಅದರ ಅಳತೆಯೇ ಹರ್ಟ್ಸ್) ಕೆಲಸ ಅನ್ನುವುದು ಆಮೇಲಿನ ಮಾತು.

ಒಳಗೆ ಇರುವ ಸಾಮಾನು ಮೂರೇ: ರೆಸಿಸ್ಟರ್, ಕಾಯಿಲ್, ಕಂಡೆನ್ಸರ್. ಪುಸ್ತಕದವರು ಕೆಪ್ಯಾಸಿಟರ್ ಅನ್ನುತ್ತಾರೆ, ಅಂಗಡಿಯಲ್ಲಿ ಇವತ್ತಿಗೂ ಕಂಡೆನ್ಸರ್ರೇ. ರೆಸಿಸ್ಟರ್‌ಗೆ ಆವರ್ತನದ ಗೊಡವೆ ಇಲ್ಲ, ಎಲ್ಲರಿಗೂ ಒಂದೇ ಸುಂಕ. ಕಾಯಿಲ್ ಹಾಗಲ್ಲ, ಅದು ಬೀಸುಕಲ್ಲಿದ್ದ ಹಾಗೆ. ನಿಧಾನಕ್ಕೆ ತಳ್ಳಿದರೆ ತಿರುಗುತ್ತದೆ. ಗಡಗಡ ಹಿಂದೆಮುಂದೆ ಅಲ್ಲಾಡಿಸಲು ಹೋದರೆ ನಿಮ್ಮ ಕೈ ನೋಯುತ್ತದೆಯೇ ಹೊರತು ಕಲ್ಲು ಕದಲುವುದಿಲ್ಲ. ಆವರ್ತನ ಜಾಸ್ತಿಯಾದಷ್ಟೂ ಕಾಯಿಲ್‌ನ ತಡೆ ಜಾಸ್ತಿ. ಕಂಡೆನ್ಸರ್ ಇದಕ್ಕೆ ಉಲ್ಟಾ. ನೀರಿನ ಪೈಪಿನೊಳಗೆ ಅಡ್ಡಲಾಗಿ ಒಂದು ಬಲೂನಿನ ರಬ್ಬರ್ ಬಿಗಿದಿದ್ದೀರಿ ಅಂದುಕೊಳ್ಳಿ. ಒಂದೇ ಸಮ ಹರಿಯುವ ನೀರು ಅಲ್ಲಿಗೆ ನಿಂತಿತು. ಆದರೆ ನೀರನ್ನು ಬೇಗಬೇಗ ಹಿಂದೆಮುಂದೆ ಅಲುಗಿಸಿದರೆ ರಬ್ಬರ್ ಕೂಡ ಅಲುಗಿ ಆ ಕುಲುಕಾಟವನ್ನು ಆಚೆಗೆ ದಾಟಿಸುತ್ತದೆ. ಆವರ್ತನ ಜಾಸ್ತಿಯಾದಷ್ಟೂ ಕಂಡೆನ್ಸರ್‌ನ ತಡೆ ಕಮ್ಮಿ.

ಇವುಗಳನ್ನು ಹೇಗೆ ಜೋಡಿಸುತ್ತೀರಿ ಅನ್ನುವುದರ ಮೇಲೆ ನಾಲ್ಕು ಜಾತಿ. ಕೆಳಗಿನದನ್ನು ಬಿಡುವುದು ಲೋ ಪಾಸ್, ಮೇಲಿನದನ್ನು ಬಿಡುವುದು ಹೈ ಪಾಸ್, ನಡುವಿನ ಒಂದು ಪಟ್ಟಿಯನ್ನು ಮಾತ್ರ ಬಿಡುವುದು ಬ್ಯಾಂಡ್ ಪಾಸ್, ನಡುವಿನ ಪಟ್ಟಿಯನ್ನು ಮಾತ್ರ ತಡೆಯುವುದು ಬ್ಯಾಂಡ್ ಸ್ಟಾಪ್. ಕೊನೆಯದು ತುಂಬ ಕಿರಿದಾಗಿದ್ದರೆ ನಾಚ್ ಅನ್ನುತ್ತಾರೆ. ಹೆಸರು ಇಷ್ಟು ಗೊತ್ತಿದ್ದರೆ ಸಾಕು.

ಈಗ ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ರಿಪೇರಿ ಕೆಲಸ ಕಲಿಯುತ್ತಿದ್ದ ದಿನಗಳು. ಗಣಪತಿ ಪೆಂಡಾಲಿನ ಒಂದು ಸ್ಪೀಕರ್ ಬಾಕ್ಸ್ ಬಂದಿತ್ತು, ಟ್ವೀಟರ್ ಸುಮ್ಮನಾಗಿದೆ ಅಂತ. ಟ್ವೀಟರ್ ಅಂದರೆ ತಾಳ, ಗೆಜ್ಜೆ, ‘ಸ’ ‘ಶ’ ಇಂಥ ಚೂಪಾದ ಸದ್ದು ಮಾಡುವ ಪುಟ್ಟ ಸ್ಪೀಕರ್. ಅದರ ಸುರುಳಿ ಕೂದಲಿನಷ್ಟು ಸಣ್ಣ ತಂತಿ. ದಪ್ಪ ಸದ್ದಿನ ಕರೆಂಟ್ ಅದರೊಳಗೆ ನುಗ್ಗಿದರೆ ಸುಟ್ಟೇ ಹೋಗುತ್ತದೆ. ಅದಕ್ಕೇ ಅದರ ಮುಂದೆ ಕಾವಲಿಗೆ ಒಂದು ಕಂಡೆನ್ಸರ್ ಹಾಕಿರುತ್ತಾರೆ. ಆ ಬಾಕ್ಸಿನ ಕಂಡೆನ್ಸರ್ ಊದಿಕೊಂಡಿತ್ತು, ಮೈಮೇಲಿನ ಅಕ್ಷರ ಅರ್ಧ ಮಾಸಿತ್ತು. ನಾನು 47 ಅಂತ ಓದಿದೆ. ಹೊಸ ಟ್ವೀಟರ್, ಹೊಸ 47 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿ ಕಳಿಸಿದೆ. ಮಾರನೇ ದಿನ ರಾತ್ರಿಯೇ ವಾಪಸ್ ಬಂತು, ಟ್ವೀಟರ್ ಬಿಚ್ಚಿದರೆ ಸುಟ್ಟ ವಾಸನೆ. ಭೂತಗನ್ನಡಿ ಹಿಡಿದು ಹಳೇ ಕಂಡೆನ್ಸರ್ ನೋಡಿದೆ. ನಾಲ್ಕಕ್ಕೂ ಏಳಕ್ಕೂ ನಡುವೆ ಒಂದು ಚುಕ್ಕೆಯ ಗುರುತು. ಅದು 4.7.

ಒಂದು ಚುಕ್ಕೆ ಏನು ಮಾಡಿತು ಅಂತ ಲೆಕ್ಕ ಹಾಕೋಣ. ರೆಸಿಸ್ಟೆನ್ಸ್ ಮತ್ತು ಕಂಡೆನ್ಸರ್ ಜೋಡಿಯ ಗಡಿ ಆವರ್ತನ ತಿಳಿಯಲು ಅವೆರಡನ್ನೂ ಗುಣಿಸಿ, ಎರಡು ಪೈ ಅಂದರೆ 6.28ರಿಂದ ಮತ್ತೆ ಗುಣಿಸಿ, ಬಂದದ್ದರಿಂದ ಒಂದನ್ನು ಭಾಗಿಸಬೇಕು. 8 ಓಮ್‌ನ ಟ್ವೀಟರ್, 4.7 ಮೈಕ್ರೋಫ್ಯಾರಡ್ ಇಟ್ಟರೆ ಸುಮಾರು 4,230 ಹರ್ಟ್ಸ್. 47 ಇಟ್ಟರೆ 423 ಹರ್ಟ್ಸ್. ಮನುಷ್ಯನ ಮಾತು, ಹಾಡು, ಹಾರ್ಮೋನಿಯಂ ಎಲ್ಲದರ ಹೊಟ್ಟೆ 423ರಿಂದ 4,230ರ ನಡುವೆಯೇ ಇದೆ, ಅಲ್ವಾ? ಸಾವಿರ ಹರ್ಟ್ಸ್‌ನ ಒಂದು ಸ್ವರ ತಗೊಳ್ಳಿ. ಕಂಡೆನ್ಸರ್ ಇಲ್ಲದಿದ್ದರೆ 100 ವಾಟ್ ಹೋಗುವ ಕಡೆ, 4.7 ಇದ್ದರೆ 5 ವಾಟ್ ಚಿಲ್ಲರೆ ಹೋಗುತ್ತದೆ. 47 ಇದ್ದರೆ 85 ವಾಟ್. ಪಾಪದ ಟ್ವೀಟರ್ ಒಂದು ರಾತ್ರಿಯಾದರೂ ತಾಳಿತಲ್ಲ ಅನ್ನಿಸಿತು.

ಈ ಲೆಕ್ಕದಲ್ಲಿ ಒಂದು ಮಾತು ಗಮನಿಸಿ. ಸರಿಯಾದ ಕಂಡೆನ್ಸರ್ ಹಾಕಿದಾಗಲೂ ಐದು ವಾಟ್ ಒಳಗೆ ನುಗ್ಗಿಯೇ ನುಗ್ಗಿತು. ನಮ್ಮಲ್ಲಿ ಬಂದು ಕೂರುವ ಡಿಪ್ಲೊಮಾ ಓದುವ ಹುಡುಗನೊಬ್ಬ ಇದನ್ನೇ ಹಿಡಿದ: “ಅಣ್ಣಾ, ಕಟ್ ಆಫ್ ಅಂದ್ಮೇಲೆ ಅಲ್ಲಿಗೆ ಕಟ್ ಆಗ್ಬೇಕಲ್ಲ?” ಹೆಸರು ಹಾಗಿದೆ, ಕೆಲಸ ಹಾಗಿಲ್ಲ. ಕಟ್ ಆಫ್ ಅನ್ನುವುದು ಗೋಡೆಯಲ್ಲ, ಇಳಿಜಾರಿನ ಮೇಲೆ ನೆಟ್ಟ ಒಂದು ಗೂಟ. ಶಕ್ತಿ ಸರಿಯಾಗಿ ಅರ್ಧಕ್ಕೆ ಇಳಿಯುವ ಜಾಗದಲ್ಲಿ ಗೂಟ ನೆಡುವುದು ರೂಢಿ, ಅಷ್ಟೇ. ಅಲ್ಲಿ ವೋಲ್ಟೇಜ್ ನೂರಕ್ಕೆ 70.7ರಷ್ಟು ಉಳಿದಿರುತ್ತದೆ.

ಇಳಿತವನ್ನು ಅಳೆಯಲು ಡೆಸಿಬೆಲ್ ಬಳಸುತ್ತಾರೆ. ಜನ ಇದಕ್ಕೆ ಸುಮ್ನೆ ಹೆದರುತ್ತಾರೆ. ನಾಲ್ಕು ಅಂಕಿ ನೆನಪಿಟ್ಟುಕೊಂಡರೆ ಮುಗಿಯಿತು: ಶಕ್ತಿ ಅರ್ಧವಾದರೆ 3 ಡೆಸಿಬೆಲ್ ಇಳಿತ, ಹತ್ತರಲ್ಲಿ ಒಂದಾದರೆ 10, ನೂರರಲ್ಲಿ ಒಂದಾದರೆ 20, ಹತ್ತು ಲಕ್ಷದಲ್ಲಿ ಒಂದಾದರೆ 60. ಅನುಕೂಲ ಏನೆಂದರೆ ಫಿಲ್ಟರ್‌ಗಳನ್ನು ಒಂದರ ಹಿಂದೆ ಒಂದು ಇಟ್ಟಾಗ ಗುಣಾಕಾರ ಬೇಡ, ಡೆಸಿಬೆಲ್ ಕೂಡಿಸಿಕೊಂಡು ಹೋದರಾಯಿತು.

ನನ್ನ ಟ್ವೀಟರ್ ಮುಂದಿನ ಒಂಟಿ ಕಂಡೆನ್ಸರ್ ಒಂದೇ ಹಂತದ ಫಿಲ್ಟರ್. ಗೂಟದಿಂದ ಸಾಕಷ್ಟು ದೂರ ಬಂದ ಮೇಲೆ ಅದು ಆವರ್ತನ ಅರ್ಧವಾದಾಗಲೊಮ್ಮೆ 6 ಡೆಸಿಬೆಲ್ ಇಳಿಸುತ್ತದೆ. ಜೊತೆಗೆ ಒಂದು ಕಾಯಿಲ್ ಸೇರಿಸಿ ಎರಡು ಹಂತ ಮಾಡಿದರೆ 12, ಮೂರಾದರೆ 18. ಒಳ್ಳೆಯ ಸ್ಪೀಕರ್ ಬಾಕ್ಸಿನಲ್ಲಿ ದಪ್ಪ ಸದ್ದನ್ನೂ ಚೂಪು ಸದ್ದನ್ನೂ ಬೇರೆ ಮಾಡುವ ಕ್ರಾಸ್‌ಓವರ್ ಹಲಗೆಯಲ್ಲಿ ಕಾಯಿಲ್‌ಗಳ ಸಾಲೇ ಇರುವುದು ಇದಕ್ಕಾಗಿ. ಹಂತ ಜಾಸ್ತಿಯಾದಷ್ಟೂ ಇಳಿಜಾರು ಕಡಿದು.

ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೆನಪಿಸಿಕೊಳ್ಳಿ. ಒಂದು ಸುತ್ತಿನ ಗೋಡೆ ಪೂರ್ತಿ ಸೈನ್ಯವನ್ನು ತಡೆಯಬೇಕಾಗಿಲ್ಲ. ಬಂದವರಲ್ಲಿ ಹತ್ತರಲ್ಲಿ ಒಂಬತ್ತು ಜನರನ್ನು ತಡೆದರೆ ಸಾಕು. ಎರಡನೆಯದು ಉಳಿದವರಲ್ಲಿ ಹತ್ತರಲ್ಲಿ ಒಂಬತ್ತು ಜನರನ್ನು. ಹೀಗೆ ಏಳು ಸುತ್ತಾದರೆ 70 ಡೆಸಿಬೆಲ್, ಕೋಟಿಯಲ್ಲಿ ಒಬ್ಬ ಮಾತ್ರ ಒಳಗೆ. ಕಾಗದದ ಮೇಲೆ ಹೀಗೆ. ಆದರೆ ಓಬವ್ವನ ಕಿಂಡಿ ಅನ್ನುವುದೊಂದು ಇದೆಯಲ್ಲ. ಹೈದರಾಲಿಯ ಸೈನಿಕರು ಒಳಗೆ ನುಸುಳಿದ್ದು ಗೋಡೆ ಹತ್ತಿ ಅಲ್ಲ. ಸರ್ಕ್ಯೂಟಿನಲ್ಲೂ ಥೇಟ್ ಹಾಗೇ ಆಗುತ್ತದೆ. ಫಿಲ್ಟರ್‌ಗೆ ಹೋಗುವ ತಂತಿಯೂ ಬರುವ ತಂತಿಯೂ ಪಕ್ಕಪಕ್ಕ ಇದ್ದರೆ ಸಿಗ್ನಲ್ ಫಿಲ್ಟರ್ ಒಳಗೆ ಹೋಗುವ ತೊಂದರೆಯನ್ನೇ ತಗೊಳ್ಳುವುದಿಲ್ಲ. ಗಾಳಿಯಲ್ಲೇ ಜಿಗಿದು ಆಚೆ ಸೇರುತ್ತದೆ. ಲೆಕ್ಕದಲ್ಲಿ 70, ಕೈಗೆ ಸಿಗುವುದು 40. ಡೇಟಾಶೀಟಿನಲ್ಲಿ, ಅಂದರೆ ಕಾರ್ಖಾನೆಯವರು ಕೊಡುವ ಗುಣಗಳ ಪಟ್ಟಿಯಲ್ಲಿ, ‘ಸ್ಟಾಪ್ ಬ್ಯಾಂಡ್ ಅಟೆನ್ಯುಯೇಷನ್ (ತಡೆಯುವ ಪಟ್ಟಿಯಲ್ಲಿನ ಇಳಿತ) ಕನಿಷ್ಠ ಇಷ್ಟು’ ಅಂತ ಬರೆಯುವುದು ಈ ಕಿಂಡಿಗಳನ್ನೂ ಸೇರಿಸಿ ಕೊಟ್ಟ ಮಾತು.

ಕೋಟೆಯ ಹೋಲಿಕೆಯಲ್ಲಿ ಇನ್ನೊಂದು ತೊಡಕಿದೆ. ಒಂದೇ ಥರದ ಹಂತಗಳನ್ನು ಸುಮ್ನೆ ಸಾಲಾಗಿ ಇಟ್ಟರೆ ಗಡಿಯಲ್ಲಿ ಬೇಕಾದ್ದಕ್ಕೂ ಪೆಟ್ಟು. ಮೂರು ಹಂತವೂ ಅಲ್ಲಿ ಮೂರು ಮೂರು ಡೆಸಿಬೆಲ್ ಕತ್ತರಿಸಿ ಒಟ್ಟು ಒಂಬತ್ತಾಗುತ್ತದೆ. ಅದಕ್ಕೇ ಜಾಣರು ಪ್ರತಿ ಹಂತವನ್ನೂ ಬೇರೆಬೇರೆ ರೀತಿ ಹದ ಮಾಡುತ್ತಾರೆ. ಒಂದು ಹಂತ ಗಡಿಯ ಹತ್ತಿರ ಸ್ವಲ್ಪ ಉಬ್ಬಿರುತ್ತದೆ, ಇನ್ನೊಂದು ತಗ್ಗಿರುತ್ತದೆ, ಒಟ್ಟಿಗೆ ಸೇರಿದಾಗ ಸರಿಹೋಗುತ್ತದೆ.

ಈ ಹದಗಳಿಗೆ ಹೆಸರುಗಳಿವೆ. ಮೊದಲನೆಯದು ಬಟರ್‌ವರ್ತ್. ಬೆಣ್ಣೆ ದೋಸೆಯ ಊರಿನವನಾದ ನನಗೆ ಈ ಹೆಸರಿನ ಮೇಲೆ ಸ್ವಲ್ಪ ಪಕ್ಷಪಾತ. ಸ್ಟೀಫನ್ ಬಟರ್‌ವರ್ತ್ ಅನ್ನುವ ಇಂಗ್ಲೆಂಡಿನ ಭೌತವಿಜ್ಞಾನಿ 1930ರಲ್ಲಿ ಬರೆದ ಲೇಖನದಿಂದ ಬಂದದ್ದು. ಇದರ ಗುಣವೂ ಹೆಸರಿಗೆ ತಕ್ಕ ಹಾಗಿದೆ: ಬಿಡಬೇಕಾದ ಪಟ್ಟಿಯುದ್ದಕ್ಕೂ ಕಾವಲಿಯ ಮೇಲೆ ಬೆಣ್ಣೆ ಸವರಿದ ಹಾಗೆ ನುಣ್ಣಗೆ, ಉಬ್ಬುತಗ್ಗಿಲ್ಲ. ಇಳಿಜಾರು ಮಾತ್ರ ಸಾಧಾರಣ. ಎರಡನೆಯದು ಚೆಬಿಶೇವ್. ಆತ 1894ರಲ್ಲೇ ತೀರಿಕೊಂಡ ರಷ್ಯಾದ ಗಣಿತಜ್ಞ, ಫಿಲ್ಟರ್ ಅನ್ನುವ ವಸ್ತುವನ್ನೇ ನೋಡಿದವನಲ್ಲ. ಆದರೆ ಅವನ ಸಮೀಕರಣಗಳನ್ನು ಬಳಸಿದರೆ ಬಿಡುವ ಪಟ್ಟಿಯಲ್ಲಿ ಸಣ್ಣ ಅಲೆಯಂಥ ಏರಿಳಿತ ಬರುತ್ತದೆ. ಅದನ್ನು ಒಪ್ಪಿಕೊಂಡರೆ ಬದಲಿಗೆ ಇಳಿಜಾರು ತುಂಬ ಕಡಿದಾಗುತ್ತದೆ. ಐದು ಹಂತದ ಫಿಲ್ಟರ್ ಇಟ್ಟುಕೊಂಡು ಗಡಿಯ ಎರಡರಷ್ಟು ಆವರ್ತನದಲ್ಲಿ ಅಳೆಯಿರಿ. ಬಟರ್‌ವರ್ತ್ 30 ಡೆಸಿಬೆಲ್ ತಡೆಯುತ್ತದೆ, ಅರ್ಧ ಡೆಸಿಬೆಲ್ ಏರಿಳಿತದ ಚೆಬಿಶೇವ್ 42. ಸಾಮಾನು ಅಷ್ಟೇ, ಅರ್ಧ ಡೆಸಿಬೆಲ್ ಏರಿಳಿತ ಕಿವಿಗೆ ಗೊತ್ತೂ ಆಗುವುದಿಲ್ಲ, ಲಾಭ ಹನ್ನೆರಡು. ವಿಲ್ಹೆಲ್ಮ್ ಕಾವರ್ ಎಂಬ ಜರ್ಮನಿಯವನು ತಂದ ಎಲಿಪ್ಟಿಕ್ ಫಿಲ್ಟರ್ ತಡೆಯುವ ಪಟ್ಟಿಯಲ್ಲೂ ಏರಿಳಿತ ಒಪ್ಪಿಕೊಂಡು ಇನ್ನೂ ಕಡಿದಾದ ಇಳಿಜಾರು ಕೊಡುತ್ತದೆ. ಬೆಸೆಲ್ ಅನ್ನುವುದು ಇವರೆಲ್ಲರಿಗಿಂತ ಮಂದ, ಆದರೆ ಅದಕ್ಕೆ ಬೇರೆಯದೇ ಒಳ್ಳೆಯತನ ಇದೆ. ಜೋಕಾಲಿಯ ಹತ್ತಿರ ಬಂದಾಗ ಹೇಳುತ್ತೇನೆ.

ಇನ್ನು ರೇಡಿಯೊಗೆ ವಾಪಸ್ ಬರೋಣ. 675ನ್ನು ಹಿಡಿದು 684ನ್ನು ಬಿಡಲು ಒಂಬತ್ತು ಕಿಲೋಹರ್ಟ್ಸ್ ಅಗಲದ ಬ್ಯಾಂಡ್ ಪಾಸ್ ಬೇಕು ಅನ್ನೋಣ. ನಡುವಿನ ಆವರ್ತನವನ್ನು ಅಗಲದಿಂದ ಭಾಗಿಸಿದರೆ ಬರುವ ಅಂಕಿಗೆ ಕ್ಯೂ ಅನ್ನುತ್ತಾರೆ. ಇಲ್ಲಿ ಕ್ಯೂ 75. ಒಳ್ಳೆಯ ಕಾಯಿಲ್ ಸುತ್ತಿದರೆ ಸಿಗುತ್ತದೆ. ಆದರೆ ಮುಳ್ಳನ್ನು 1,500ರ ಹತ್ತಿರ ತಂದರೆ ಅದೇ ಒಂಬತ್ತರ ಅಗಲಕ್ಕೆ ಕ್ಯೂ 167 ಬೇಕು. ಸ್ಟೇಷನ್ ಬದಲಿಸಿದ ಹಾಗೆಲ್ಲ ಇಡೀ ಕೋಟೆಯನ್ನೇ ಎತ್ತಿ ಬೇರೆ ಕಡೆ ಇಡಬೇಕು, ಇಟ್ಟ ಮೇಲೂ ಅದೇ ಬಿಗಿ ಇರಬೇಕು. ಆಗುವ ಕೆಲಸವಲ್ಲ.

1918ರಲ್ಲಿ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಕೊಂಡ ಉಪಾಯ ಈಗಲೂ ನಡೆಯುತ್ತಿದೆ. ಕೋಟೆ ಅಲುಗಿಸಬೇಡಿ, ಸ್ಟೇಷನ್ನನ್ನೇ ಕೋಟೆಯ ಬಾಗಿಲಿಗೆ ತನ್ನಿ. ರೇಡಿಯೊದೊಳಗೆ ತಾನೇ ಒಂದು ಅಲೆ ಹುಟ್ಟಿಸುವ ಆಸಿಲೇಟರ್ ಇದೆ. ನೀವು 675ಕ್ಕೆ ಮುಳ್ಳು ತಿರುಗಿಸಿದಾಗ ಅದು 1,130ಕ್ಕೆ ತಿರುಗುತ್ತದೆ. ಎರಡನ್ನೂ ಬೆರೆಸಿದರೆ ವ್ಯತ್ಯಾಸ 455. ಕಲ್ಲಿಕೋಟೆಯ 684 ಅದೇ ಬೆರಕೆಯಲ್ಲಿ 446 ಆಗುತ್ತದೆ. ಯಾವ ಸ್ಟೇಷನ್ ಹಾಕಿದರೂ ಬೇಕಾದ್ದು 455ಕ್ಕೇ ಬರುತ್ತದೆ. ಹಾಗಾಗಿ ಅಲ್ಲಿ ಒಂದೇ ಒಂದು ಗಟ್ಟಿ ಫಿಲ್ಟರ್ ಕಟ್ಟಿಟ್ಟರೆ ಮುಗಿಯಿತು. ನಡುವಿನ ಅಂತರ ಆಗಲೂ ಒಂಬತ್ತೇ, ಈಗಲೂ ಒಂಬತ್ತೇ. ಆದರೆ 455ರ ಮುಂದೆ ಒಂಬತ್ತು ಅಂದರೆ 1,500ರ ಮುಂದಿನ ಒಂಬತ್ತಿಗಿಂತ ಎಷ್ಟೋ ದೊಡ್ಡದು. ಎಫ್‌ಎಂನಲ್ಲೂ ಇದೇ ತಂತ್ರ, ಅಲ್ಲಿ ಬಾಗಿಲು 10.7 ಮೆಗಾಹರ್ಟ್ಸ್‌ನಲ್ಲಿ. ಚಿತ್ರದುರ್ಗ ಆಕಾಶವಾಣಿಯ 102.6 ಕೂಡ ಮಾಮೂಲಿ ಸೆಟ್ಟಿನಲ್ಲಿ ಆ ಬಾಗಿಲಲ್ಲೇ ಒಳಗೆ ಬರಬೇಕು.

455ಕ್ಕೆ ಬೆರಳ ತುದಿಯಷ್ಟು ದೊಡ್ಡ ಸಿರಾಮಿಕ್ ಫಿಲ್ಟರ್ ಸಿಗುತ್ತದೆ. ಅದರ ಡೇಟಾಶೀಟ್ ಹೀಗಿದೆ ಅಂದುಕೊಳ್ಳಿ: ನಡುವಿನ ಆವರ್ತನ 455 ಕಿಲೋಹರ್ಟ್ಸ್, 6 ಡೆಸಿಬೆಲ್ ಅಗಲ ಕನಿಷ್ಠ 6, 40 ಡೆಸಿಬೆಲ್ ಅಗಲ ಗರಿಷ್ಠ 18, ಇನ್ಸರ್ಷನ್ ಲಾಸ್ ಗರಿಷ್ಠ 6 ಡೆಸಿಬೆಲ್, ಎರಡೂ ಕಡೆ 2 ಕಿಲೋಓಮ್. ಇದನ್ನು ಓದುವುದೊಂದು ಅಭ್ಯಾಸ.

‘ಕನಿಷ್ಠ’, ‘ಗರಿಷ್ಠ’ ಅನ್ನುವ ಪದಗಳನ್ನು ಮೊದಲು ನೋಡಿ, ಅಂಕಿ ಆಮೇಲೆ. 6 ಡೆಸಿಬೆಲ್ ಅಗಲ ಕನಿಷ್ಠ 6 ಅಂದರೆ, 452ರಿಂದ 458ರವರೆಗೆ ಸಿಗ್ನಲ್ಲಿಗೆ ದೊಡ್ಡ ಪೆಟ್ಟು ಬೀಳುವುದಿಲ್ಲ ಅಂತ ಕಾರ್ಖಾನೆಯವರ ಭರವಸೆ. ಅದಕ್ಕಿಂತ ಅಗಲ ಇದ್ದರೂ ಇರಬಹುದು. 40 ಡೆಸಿಬೆಲ್ ಅಗಲ ಗರಿಷ್ಠ 18 ಅಂದರೆ, 446ಕ್ಕೆ ಬರುವಷ್ಟರಲ್ಲಿ ಶಕ್ತಿ ಹತ್ತು ಸಾವಿರದಲ್ಲಿ ಒಂದಕ್ಕಾದರೂ ಇಳಿದಿರುತ್ತದೆ. 446 ಯಾರು? ಕಲ್ಲಿಕೋಟೆ! ಈ ಎರಡು ಅಗಲಗಳ ನಡುವೆ ಏನಿದೆ ಅನ್ನುವುದಕ್ಕೆ ಯಾರೂ ಜವಾಬ್ದಾರರಲ್ಲ. 18ನ್ನು 6ರಿಂದ ಭಾಗಿಸಿದರೆ 3, ಇದಕ್ಕೆ ಶೇಪ್ ಫ್ಯಾಕ್ಟರ್ ಅನ್ನುತ್ತಾರೆ. ಒಂದಾಗಿದ್ದರೆ ಅದು ಗೋಡೆ. ಒಂದಕ್ಕೆ ಹತ್ತಿರವಾದಷ್ಟೂ ದುಬಾರಿ. ಎರಡು ಫಿಲ್ಟರ್‌ಗಳನ್ನು ಹೋಲಿಸುವಾಗ ಶೇಪ್ ಫ್ಯಾಕ್ಟರನ್ನು ಯಾವ ಡೆಸಿಬೆಲ್‌ಗಳ ನಡುವೆ ಅಳೆದಿದ್ದಾರೆ ಅಂತ ನೋಡದಿದ್ದರೆ ಮೋಸ ಹೋಗುತ್ತೀರಿ. ಒಬ್ಬರು 6 ಮತ್ತು 60ರ ನಡುವೆ, ಇನ್ನೊಬ್ಬರು 3 ಮತ್ತು 40ರ ನಡುವೆ ಅಳೆದಿರಬಹುದು.

ಇನ್ಸರ್ಷನ್ ಲಾಸ್ ಅಂದರೆ ಸುಂಕ. ಬಿಡಬೇಕಾದ ಸಿಗ್ನಲ್ ಕೂಡ ಬಾಗಿಲಲ್ಲಿ ಒಂದಷ್ಟು ಕೊಟ್ಟೇ ಒಳಗೆ ಹೋಗಬೇಕು. 6 ಡೆಸಿಬೆಲ್ ಅಂದರೆ ನಾಲ್ಕರಲ್ಲಿ ಮೂರು ಪಾಲು ಶಕ್ತಿ ಅಲ್ಲೇ ಖರ್ಚು. ಹಿಂದೆ ಆಂಪ್ಲಿಫೈಯರ್ ಇರುವುದರಿಂದ ರೇಡಿಯೊದಲ್ಲಿ ಇದನ್ನು ಸಹಿಸಿಕೊಳ್ಳಬಹುದು.

ಕೊನೆಯ ಸಾಲನ್ನು, ಆ 2 ಕಿಲೋಓಮ್ ಅನ್ನು, ಹೊಸಬರು ಓದುವುದೇ ಇಲ್ಲ. ಫಿಲ್ಟರಿನ ಮುಂದೆಯೂ ಹಿಂದೆಯೂ ಅಷ್ಟೇ ರೆಸಿಸ್ಟೆನ್ಸ್ ಕಾಣಿಸಿದರೆ ಮಾತ್ರ ಮೇಲಿನ ಅಂಕಿಗಳೆಲ್ಲ ನಿಜ. ಬೇರೆ ಏನೋ ಸಿಕ್ಕಿಸಿದರೆ ಸಿಗ್ನಲ್ ಬಾಗಿಲಿಗೆ ಬಡಿದು ವಾಪಸ್ ಬರುತ್ತದೆ, ಸಮತಟ್ಟಾದ ಪಟ್ಟಿಯಲ್ಲಿ ಗುಂಡಿಗಳು ಬೀಳುತ್ತವೆ. ಆಮೇಲೆ ಫಿಲ್ಟರ್ ಸರಿಯಿಲ್ಲ ಅಂತ ಬೈಯುತ್ತಾರೆ. ನನ್ನ ಟ್ವೀಟರ್ ಲೆಕ್ಕವೂ ಈ ವಿಷಯದಲ್ಲಿ ಪೂರ್ತಿ ಪ್ರಾಮಾಣಿಕವಲ್ಲ. 8 ಓಮ್ ಅಂತ ಬರೆದ ಟ್ವೀಟರ್ ಎಲ್ಲ ಆವರ್ತನದಲ್ಲೂ 8 ಓಮ್ ಇರುವುದಿಲ್ಲ. ಕಂಡೆನ್ಸರ್ ಮೇಲೆ 4.7 ಅಂತಿದ್ದರೂ ನೂರಕ್ಕೆ ಇಪ್ಪತ್ತು ಹೆಚ್ಚುಕಮ್ಮಿ ಇರಬಹುದು. ಅಷ್ಟಕ್ಕೇ ಗಡಿ 3,530ರಿಂದ 5,290ರವರೆಗೆ ಎಲ್ಲಿ ಬೇಕಾದರೂ ಬೀಳುತ್ತದೆ.

ಇಲ್ಲಿಯವರೆಗೆ ಆವರ್ತನದ ಮಾತಾಯಿತು. ಹೊತ್ತಿನ ಮಾತು ಉಳಿದಿದೆ. ನಮ್ಮ ಕಡೆ ಪಂಚಮಿಗೆ ಜೋಕಾಲಿ ಕಟ್ಟುತ್ತಾರೆ. ಉದ್ದ ಹಗ್ಗದ ಜೋಕಾಲಿಗೆ ಅದರದೇ ಒಂದು ಲಯ. ಆ ಲಯಕ್ಕೆ ಸರಿಯಾಗಿ ಬೆರಳಲ್ಲಿ ತಳ್ಳಿದರೂ ಮುಗಿಲಿಗೆ ಹೋಗುತ್ತದೆ. ಲಯ ತಪ್ಪಿ ಎಷ್ಟು ನೂಕಿದರೂ ತೊಯ್ದಾಡುತ್ತದೆ ಅಷ್ಟೆ. ಕಾಯಿಲ್ ಮತ್ತು ಕಂಡೆನ್ಸರ್ ಸೇರಿದರೆ ಇಂಥ ಜೋಕಾಲಿ. ಬ್ಯಾಂಡ್ ಪಾಸ್ ಫಿಲ್ಟರಿನ ಜೀವವೇ ಇದು. ಆದರೆ ನೂಕುವುದು ಬಿಟ್ಟ ಮೇಲೂ ಜೋಕಾಲಿ ಆಡುತ್ತಲೇ ಇರುತ್ತದೆ, ಅಲ್ವಾ? ಶುರುವಿನಲ್ಲೂ ಒಂದೇ ನೂಕಿಗೆ ಮೇಲೆ ಹೋಗುವುದಿಲ್ಲ. ಫಿಲ್ಟರ್ ಕೂಡ ಹಾಗೇ. ಅಗಲ ಕಿರಿದಾದಷ್ಟೂ ಏಳಲು ಹೊತ್ತು, ನಿಲ್ಲಲು ಹೊತ್ತು. ಹತ್ತು ಹರ್ಟ್ಸ್ ಅಗಲದ ಫಿಲ್ಟರ್‌ಗೆ ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೇ ಬೇಕು. ಇದು ಕೆಟ್ಟ ಸಾಮಾನಿನ ದೋಷವಲ್ಲ, ಚಿನ್ನದಲ್ಲಿ ಮಾಡಿದರೂ ಇದೇ.

ಇದು ಎಲ್ಲಿ ಕಾಡುತ್ತದೆ ಅಂದರೆ ಇಸಿಜಿಯಲ್ಲಿ. ಗೋಡೆಯೊಳಗಿನ ವೈರಿಂಗಿನಿಂದ 50 ಹರ್ಟ್ಸ್ ಗುಂಯ್‌ಗುಡುವಿಕೆ ರೋಗಿಯ ಮೈಗೂ ಹತ್ತುತ್ತದೆ. ಹೃದಯದ ಸಿಗ್ನಲ್ ಮಿಲಿವೋಲ್ಟ್ ಲೆಕ್ಕದಲ್ಲಿ ಇರುವುದು. ಹಾಗಾಗಿ 50ಕ್ಕೆ ಒಂದು ನಾಚ್ ಹಾಕುತ್ತಾರೆ. ಹೃದಯದ ಸಿಗ್ನಲ್ ಕೂಡ 50ರ ಆಚೀಚೆ ಹರಡಿರುವುದರಿಂದ ನಾಚ್ ಕಿರಿದಾಗಿದ್ದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಕ್ಯೂ 30 ಇಟ್ಟರೆ ಅಗಲ ಬರೀ 1.7 ಹರ್ಟ್ಸ್. ಆದರೆ ಬಡಿತದ ಚೂಪಾದ ಮುಳ್ಳು ಬಂದು ತಾಗಿದ ಕೂಡಲೇ ಜೋಕಾಲಿ ಆಡಲು ಶುರು. ಅದು ಮೂರನೇ ಒಂದು ಭಾಗಕ್ಕೆ ಇಳಿಯಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟು ಹೊತ್ತೂ ಕಾಗದದ ಮೇಲೆ ಹೃದಯದ್ದಲ್ಲದ ಸಣ್ಣ ಅಲೆ. ಮುಳ್ಳಿನ ಆಕಾರವೇ ಮುಖ್ಯವಾದ ಇಂಥ ಕಡೆ ಬೆಸೆಲ್ ನೆನಪಾಗುವುದು. ಅದರ ಇಳಿಜಾರು ಮಂದ, ಆದರೆ ಬಿಡುವ ಪಟ್ಟಿಯ ಎಲ್ಲ ಆವರ್ತನಗಳನ್ನೂ ಹೆಚ್ಚುಕಡಿಮೆ ಒಂದೇ ತಡದಲ್ಲಿ ಹೊರಗೆ ಬಿಡುತ್ತದೆ. ಡೇಟಾಶೀಟಿನಲ್ಲಿ ‘ಗ್ರೂಪ್ ಡಿಲೇ’ ಅನ್ನುವ ಸಾಲು ಕೇಳುತ್ತಿರುವುದು ಇದನ್ನೇ: ಒಟ್ಟಿಗೆ ಹೊರಟವರು ಒಟ್ಟಿಗೆ ಬಂದು ಸೇರಿದರಾ?

ಈಗಂತೂ ಎಲ್ಲ ಡಿಜಿಟಲ್, ಇದೆಲ್ಲ ಹಳೇ ಕಾಲದ್ದು ಅನ್ನಬೇಡಿ. 1982ರಲ್ಲಿ ಸಿ.ಡಿ. ಬಂದಾಗ ಇದೇ ಪೇಚು ಎದುರಾಯಿತು. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಮಾದರಿ, ಅಂದರೆ ಸದ್ದನ್ನು ಅಷ್ಟು ಸಲ ಅಳೆದು ಬರೆದಿಟ್ಟ ಅಂಕಿ. ಕಿವಿಗೆ ಬೇಕಾದ್ದು 20 ಕಿಲೋಹರ್ಟ್ಸ್‌ವರೆಗೆ. ಆದರೆ ಅಂಕಿಗಳನ್ನು ಮತ್ತೆ ಸದ್ದು ಮಾಡುವಾಗ 24.1ರಿಂದ ಮೇಲಕ್ಕೆ ಅದರ ತಿರುಗುಮುರುಗು ನೆರಳು ಬೀಳುತ್ತದೆ. 20ರವರೆಗೆ ಪೂರ್ತಿ ಬಿಡಬೇಕು, 24.1ಕ್ಕೆ ಬರುವಷ್ಟರಲ್ಲಿ ಪೂರ್ತಿ ತಡೆಯಬೇಕು. 90 ಡೆಸಿಬೆಲ್ ತಡೆ ಬೇಕು ಅಂದರೆ ಬಟರ್‌ವರ್ತ್‌ನಲ್ಲಿ 56 ಹಂತ! ಯಾರು ಕಟ್ಟುತ್ತಾರೆ? ಆಗ ಫಿಲಿಪ್ಸ್‌ನವರು ನಡುವಿನ ಜಾಗವನ್ನೇ ಹಿಗ್ಗಿಸಿದರು. ಲೆಕ್ಕ ಹಾಕಿ ಮಾದರಿಗಳನ್ನು ನಾಲ್ಕು ಪಟ್ಟು ಮಾಡಿ ಸೆಕೆಂಡಿಗೆ 1,76,400 ಮಾಡಿದರು. ಕಡಿದಾದ ಕತ್ತರಿಯ ಕೆಲಸವನ್ನು ಡಿಜಿಟಲ್ ಫಿಲ್ಟರ್ ನೋಡಿಕೊಂಡಿತು. ಉಳಿದ ನೆರಳು 156.4ಕ್ಕೆ ಓಡಿತು. 20ಕ್ಕೂ 156ಕ್ಕೂ ನಡುವೆ ಮೈದಾನವೇ ಇದೆ, ಒಂದೆರಡು ಕಂಡೆನ್ಸರಿನ ಒರಟು ಜರಡಿ ಸಾಕು. ಮರಳು ಮತ್ತು ಮಂಡಕ್ಕಿ.

ಡಿಜಿಟಲ್ ಫಿಲ್ಟರ್ ಅಂದರೆ ಕೂಡುವ ಗುಣಿಸುವ ಲೆಕ್ಕ ಅಷ್ಟೇ. ಕಳೆದ 20 ಮಿಲಿಸೆಕೆಂಡಿನ ಮಾದರಿಗಳ ಸರಾಸರಿ ತೆಗೆಯುತ್ತಾ ಹೋಗಿ, 50 ಹರ್ಟ್ಸ್ ತಾನಾಗಿ ಮಾಯ. ಯಾಕೆಂದರೆ ಅಷ್ಟು ಹೊತ್ತಿನಲ್ಲಿ ಅದು ಒಂದು ಸುತ್ತು ಪೂರ್ತಿ ಮುಗಿಸಿರುತ್ತದೆ, ಮೇಲೆ ಹೋದಷ್ಟೇ ಕೆಳಗೂ ಹೋಗಿರುತ್ತದೆ, ಕೂಡಿದರೆ ಸೊನ್ನೆ. ಅದಕ್ಕೂ ತಡ ಇದೆ, ಇಳಿಜಾರಿದೆ, ಡೇಟಾಶೀಟಿನ ಪ್ರಶ್ನೆಗಳೂ ಅವೇ.

ಅಪ್ಪನ ರೇಡಿಯೊ ಕೊನೆಗೂ ನನ್ನ ಮೇಜಿಗೆ ಬಂತು. ಸಿರಾಮಿಕ್ ಫಿಲ್ಟರ್ ಇಲ್ಲದ ಹಳೇ ಸೆಟ್ಟು. ಒಳಗೆ ಹಳದಿ, ಬಿಳಿ, ಕಪ್ಪು ತಲೆಯ ಮೂರು ಐ.ಎಫ್. ಕಾಯಿಲ್, ಅಂದರೆ ಆ 455ರ ಬಾಗಿಲು ಕಾಯುವವು. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ತಗೊಂಡು ಮೂರನ್ನೂ 455ಕ್ಕೆ ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ ಕೂರಿಸಿದೆ. ಕ್ಯೂ 75 ಅಂತ ಹಿಡಿದರೆ ಒಂದೊಂದು ಕಾಯಿಲ್ ಕಲ್ಲಿಕೋಟೆಯನ್ನು 10 ಡೆಸಿಬೆಲ್ ತಳ್ಳುತ್ತದೆ, ಮೂರಕ್ಕೆ 30. ರಾತ್ರಿ ಹಾಕಿ ನೋಡಿದರೆ ಸಿಳ್ಳೆಯೂ ಇಲ್ಲ, ಮಲಯಾಳಂ ಹುಡುಕಿದರೂ ಇಲ್ಲ. ನಾನು ಬೀಗುತ್ತಿದ್ದೆ. ಅಪ್ಪ ವಾರ್ತೆ ಪೂರ್ತಿ ಕೇಳಿ, “ಕಲ್ಲಿಕೋಟೆ ಹೋತು ಬಿಡಪ. ಆದ್ರೆ ಇವರಿಗೆ ನೆಗಡಿ ಆಗೈತಲ್ಲ?” ಅಂದರು.

ಕಿವಿಗೊಟ್ಟು ಕೇಳಿದೆ. ನಿಜ, ‘ಸ’ ಇಲ್ಲ, ‘ಶ’ ಇಲ್ಲ, ಎಲ್ಲ ಮುಗುಮ್ಮಾಗಿ ಕಂಬಳಿಯೊಳಗಿಂದ ಬಂದ ಹಾಗಿದೆ. ಮೂರು ಕಾಯಿಲ್ ಒಂದೇ ಕಡೆ ಕೂತು ಒಟ್ಟು ಅಗಲ ಮೂರು ಕಿಲೋಹರ್ಟ್ಸ್‌ಗೆ ಕುಗ್ಗಿತ್ತು. ನಾಲ್ಕೂವರೆ ಕಿಲೋಹರ್ಟ್ಸ್‌ನಲ್ಲಿ ಇರಬೇಕಾದ ‘ಸ’ಕಾರ 15 ಡೆಸಿಬೆಲ್ ಕೆಳಗೆ ಬಿದ್ದಿತ್ತು. ಬಿಳಿ ತಲೆಯನ್ನು ಕಾಲು ಸುತ್ತು ಆ ಕಡೆ, ಕಪ್ಪು ತಲೆಯನ್ನು ಕಾಲು ಸುತ್ತು ಈ ಕಡೆ ತಿರುಗಿಸಿದೆ. ‘ಸ’ ವಾಪಸ್ ಬಂತು. ಅದರ ಹಿಂದೆಯೇ ದೂರದಲ್ಲಿ ಆ ಸಿಳ್ಳೆಯೂ ಸಣ್ಣಗೆ ಬಂತು. ಅಪ್ಪ ತಲೆ ಅಲ್ಲಾಡಿಸಿ, “ಇರ್ಲಿ ಬಿಡು” ಅಂದು ಹಿಂದಿನ ಮುಚ್ಚಳದ ಸ್ಕ್ರೂ ತಾವೇ ಹಾಕಿಕೊಂಡರು.